ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ಹಳೆಯ ಡೆಸ್ಕ್‌ಟಾಪ್ ಕೆಟ್ಟೇ ಹೋಯಿತೇ?

ಪ್ರಶ್ನೆ: 2011ರಲ್ಲಿ ಕೊಂಡ ನಮ್ಮ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮಳೆಗಾಲದ ಉದ್ದಕ್ಕೂ ಬಳಸಿರಲಿಲ್ಲ. ಈಗ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ. ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ತಂದೆಯವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳೆಲ್ಲ ಅದರಲ್ಲಿಯೇ ಇವೆ. ಅವು ಹೋದಂತೆಯೇ? ಮನೆಯಲ್ಲಿಯೇ ಏನಾದರೂ ಮಾಡಿ ನೋಡಬಹುದೇ?

ಉತ್ತರ: ಮೊದಲು ತಂದೆಯವರ ಬರಹಗಳ ವಿಷಯ. ಅವು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ನೀವು ವಿವರಿಸಿದ ತೊಂದರೆಯಾದರೋ ಕಂಪ್ಯೂಟರು ಹಾರ್ಡ್ ಡಿಸ್ಕನ್ನು ಓದತೊಡಗುವುದಕ್ಕೂ ಮುಂಚಿನ ಹಂತದ್ದು. ಆದ್ದರಿಂದ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡ್ ನಿಜವಾಗಿಯೇ ಕೆಟ್ಟಿದ್ದರೂ ಬರಹಗಳು ಇದ್ದಲ್ಲಿಯೇ ಇರುವ ಸಂಭವ ಹೆಚ್ಚು. ದುರಸ್ತಿಗೆ ಯಾರ ಕೈಗೆ ಕೊಟ್ಟರೂ, ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವವರೆಗೆ ಫಾರ್ಮ್ಯಾಟ್ ಮಾಡಕೂಡದು ಎಂದು ಸ್ಪಷ್ಟವಾಗಿ ಹೇಳಿ, ಸಾಧ್ಯವಾದರೆ ಬರೆದೂ ಕೊಡಿ. ಹಳೆಯ ಕಂಪ್ಯೂಟರುಗಳಲ್ಲಿದ್ದ ಎಷ್ಟೋ ಫೋಟೊಗಳೂ ಲೆಕ್ಕಪತ್ರಗಳೂ ಯಂತ್ರದ ದೋಷದಿಂದಲ್ಲ, ಅವಸರದ ಫಾರ್ಮ್ಯಾಟ್‌ನಿಂದ ಅಳಿದುಹೋಗಿವೆ.

ಇನ್ನು ಯಂತ್ರದ ವಿಷಯ. ‘ಕಂಪ್ಯೂಟರ್ ಆನ್ ಆಗುತ್ತಿಲ್ಲ’ ಎಂಬ ಒಂದೇ ಮಾತಿನಡಿ ಹತ್ತಾರು ಬೇರೆ ಬೇರೆ ದೋಷಗಳು ಅಡಗಿರುವುದರಿಂದ, ಅದು ಯಾವ ಹಂತದಲ್ಲಿ ನಿಂತುಹೋಗುತ್ತಿದೆ ಎಂಬುದನ್ನು ಮೊದಲು ಗುರುತಿಸಬೇಕು. ಬಟನ್ ಒತ್ತಿದೊಡನೆ ಎಸ್‌ಎಂಪಿಎಸ್ (ಪೆಟ್ಟಿಗೆಯೊಳಗಿನ ವಿದ್ಯುತ್ ಪೂರೈಕೆಯ ಡಬ್ಬಿ) ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಈ ಮೂರೂ ಸ್ಥಿರವಾದ ಮೇಲೆ ‘ವಿದ್ಯುತ್ ಸರಿಯಿದೆ’ ಎಂಬ ಸಂಕೇತವನ್ನು ಒಂದು ಬೂದು ಬಣ್ಣದ ತಂತಿಯ ಮೂಲಕ ಮದರ್‌ಬೋರ್ಡ್‌ಗೆ ಕಳುಹಿಸುತ್ತದೆ. ಆ ಸಂಕೇತ ಬಂದ ನಂತರವೇ ಪ್ರೊಸೆಸರ್ ಎಚ್ಚೆತ್ತು, ಬೋರ್ಡಿನಲ್ಲಿಯೇ ಅಡಕವಾಗಿರುವ ಆರಂಭಿಕ ತಂತ್ರಾಂಶವಾದ ಬಯೋಸ್‌ನ ಆದೇಶಗಳನ್ನು ಓದುತ್ತದೆ. ಬಯೋಸ್ ತಾತ್ಕಾಲಿಕ ನೆನಪಿನ ಭಾಗವಾದ ರ‍್ಯಾಮನ್ನೂ ಡಿಸ್‌ಪ್ಲೇಯ ವ್ಯವಸ್ಥೆಯನ್ನೂ ಪರೀಕ್ಷಿಸಿ, ಎಲ್ಲವೂ ಸರಿಯಿದ್ದರೆ ಹಾರ್ಡ್ ಡಿಸ್ಕ್‌ನತ್ತ ತಿರುಗಿ ವಿಂಡೋಸನ್ನು ಹುಡುಕುತ್ತದೆ. ಫ್ಯಾನ್ ತಿರುಗುವುದಕ್ಕೆ 12 ವೋಲ್ಟ್ ಬಂದರೆ ಸಾಕು. ಆದ್ದರಿಂದ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದೂ ಹೇಳಲಾಗದು, ಪರದೆ ಕಪ್ಪಗಿದ್ದ ಮಾತ್ರಕ್ಕೆ ಮದರ್‌ಬೋರ್ಡ್ ಹೋಗಿದೆ ಎಂದೂ ಹೇಳಲಾಗದು.

ಪೆಟ್ಟಿಗೆ ಬಿಚ್ಚುವ ಮುನ್ನ ಮಾನಿಟರನ್ನು ನೋಡಿ. ಅದರ ಡಿಸ್‌ಪ್ಲೇ ಕೇಬಲ್ಲನ್ನು ಕಳಚಿ ಆನ್ ಮಾಡಿದಾಗ ಸಿಗ್ನಲ್ ಇಲ್ಲವೆಂಬ ಸೂಚನೆ ಬಂದರೆ ಮಾನಿಟರ್ ಜೀವಂತವಾಗಿದೆ ಎಂದರ್ಥ. ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಕೇಬಲ್ ಆ ಕಾರ್ಡಿಗೇ ಸಿಕ್ಕಿಸಿದೆಯೇ ಎಂದೂ ಪರಿಶೀಲಿಸಿ. ಧೂಳು ಹೊಡೆದು ಮತ್ತೆ ಜೋಡಿಸುವಾಗ ಅದನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿಬಿಡುವುದು ತೀರ ಸಾಮಾನ್ಯ.

ಇಲ್ಲಿಂದ ಮುಂದೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಪವರ್ ಕೇಬಲ್ಲನ್ನೇ ಕಿತ್ತಿಡಬೇಕು. ಅನಂತರ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಹರಿದುಹೋಗುತ್ತದೆ. ಒಳಗೆ ಕೈಹಾಕುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ರಾಣಾಂತಕವಾಗಬಲ್ಲ ವಿದ್ಯುತ್ತು ಉಳಿದಿರಬಹುದು.

ತಿಂಗಳುಗಟ್ಟಲೆ ಮುಚ್ಚಿಟ್ಟು, ಅದರಲ್ಲಿಯೂ ಮಳೆಗಾಲದ ತೇವವನ್ನು ಕುಡಿದ ಯಂತ್ರದಲ್ಲಿ ನಾನು ಮೊದಲು ಶಂಕಿಸುವುದು ರ‍್ಯಾಮನ್ನು. ರ‍್ಯಾಮ್ ಕೆಟ್ಟಿರುವುದಕ್ಕಿಂತ, ಅದರ ಅಂಚಿನ ಹೊಂಬಣ್ಣದ ಪಟ್ಟಿಗಳಿಗೂ ಸ್ಲಾಟಿಗೂ ನಡುವೆ ಸಂಪರ್ಕ ತಪ್ಪಿರುವುದೇ ಹೆಚ್ಚು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಹೊಸದೇನೂ ಅಲ್ಲ. ಸ್ಲಾಟಿನ ಎರಡೂ ತುದಿಗಳ ಹಿಡಿಕೆಗಳನ್ನು ಹೊರಕ್ಕೆ ಬಾಗಿಸಿ ರ‍್ಯಾಮನ್ನು ತೆಗೆಯಿರಿ. ಮಕ್ಕಳು ಪೆನ್ಸಿಲ್ ಅಳಿಸಲು ಬಳಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಆ ಪಟ್ಟಿಗಳನ್ನು ಹಗುರವಾಗಿ ಉಜ್ಜಿ, ರಬ್ಬರಿನ ಚೂರುಗಳನ್ನು ಒಣ ಬ್ರಷ್‌ನಿಂದ ಸಂಪೂರ್ಣವಾಗಿ ತೆಗೆದುಹಾಕಿ. ಸ್ಲಾಟಿನ ಧೂಳನ್ನೂ ಬ್ರಷ್‌ನಿಂದಲೇ ತೆಗೆಯಬೇಕು; ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಸೇರುತ್ತದೆ. ಮರಳಿ ಕೂರಿಸುವಾಗ ರ‍್ಯಾಮಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಹೊಂದಬೇಕು, ಎರಡೂ ತುದಿಗಳು ‘ಟಕ್’ ಎಂದು ಕೂರಬೇಕು. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ.

ಇಷ್ಟಾದರೂ ಪರದೆ ಕಪ್ಪಗೇ ಇದ್ದರೆ ಇನ್ನೊಂದು ಪರೀಕ್ಷೆಯಿದೆ. ‘ಮದರ್‌ಬೋರ್ಡ್ ಹೋಗಿದೆ’ ಎಂಬ ತೀರ್ಪನ್ನು ಒಪ್ಪುವ ಮುನ್ನ ಇದನ್ನು ತಪ್ಪದೆ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಲದ ಬೋರ್ಡುಗಳು ದೋಷವನ್ನು ಬೀಪ್ ಸದ್ದಿನ ಮೂಲಕ ಹೇಳುತ್ತಿದ್ದವು. ಅದಕ್ಕಾಗಿ ಪೆಟ್ಟಿಗೆಯೊಳಗೆ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಮತ್ತು ಹೆಚ್ಚುವರಿ ಕಾರ್ಡ್‌ಗಳನ್ನೆಲ್ಲ ಕಳಚಿ, ರ‍್ಯಾಮನ್ನೂ ಪೂರ್ತಿಯಾಗಿ ತೆಗೆದಿಟ್ಟು, ಬೋರ್ಡ್, ಪ್ರೊಸೆಸರ್, ಅದರ ಫ್ಯಾನ್ ಮತ್ತು ಎಸ್‌ಎಂಪಿಎಸ್ ಇಷ್ಟನ್ನೇ ಉಳಿಸಿಕೊಂಡು ಆನ್ ಮಾಡಿ. ಆಗ ಬೀಪ್ ಸದ್ದು ಬಿಟ್ಟುಬಿಟ್ಟು ಕೇಳಿಸಿದರೆ ಸಂತೋಷಪಡಬೇಕು. ‘ನನಗೆ ರ‍್ಯಾಮ್ ಸಿಗುತ್ತಿಲ್ಲ’ ಎಂದು ಹೇಳುವಷ್ಟು ಶಕ್ತಿ ಪ್ರೊಸೆಸರಿಗೂ ಬಯೋಸಿಗೂ ಬೋರ್ಡಿಗೂ ಇದೆ ಎಂದರೆ ಅವು ಬಹುಮಟ್ಟಿಗೆ ಸರಿಯಾಗಿವೆ. ದೋಷ ರ‍್ಯಾಮಿನಲ್ಲಿಯೋ, ಡಿಸ್‌ಪ್ಲೇಯ ಭಾಗದಲ್ಲಿಯೋ, ನೀವು ಕಳಚಿಟ್ಟ ಬಿಡಿಭಾಗಗಳಲ್ಲೊಂದರಲ್ಲಿಯೋ ಇದೆ. ಅವನ್ನು ಒಂದೊಂದಾಗಿ, ಪ್ರತಿ ಬಾರಿಯೂ ಪವರ್ ಕೇಬಲ್ ಕಿತ್ತು, ಮರಳಿ ಜೋಡಿಸುತ್ತ ಹೋದರೆ ಯಾವುದನ್ನು ಸೇರಿಸಿದಾಗ ಯಂತ್ರ ನಿಲ್ಲುತ್ತದೆಯೋ ಅದೇ ಅಪರಾಧಿ.

ಸದ್ದೇ ಬಾರದಿದ್ದರೆ ಉಳಿಯುವುದು ಎಸ್‌ಎಂಪಿಎಸ್, ಬೋರ್ಡ್ ಮತ್ತು ಪ್ರೊಸೆಸರ್. ಬೋರ್ಡಿನ ಮೇಲೆ ಗುಂಡನೆಯ ಸಣ್ಣ ನಾಣ್ಯದಂತಿರುವ 3 ವೋಲ್ಟ್‌ನ ಸಿಆರ್2032 ಸೆಲ್ಲನ್ನು ಮೊದಲು ಹೊರತೆಗೆಯಿರಿ. ಹತ್ತು ನಿಮಿಷ ಬಿಟ್ಟು ಹೊಸದನ್ನು ಹಾಕಿದರೆ ಬಯೋಸ್‌ನ ತಪ್ಪು ಸೆಟ್ಟಿಂಗುಗಳು ಅಳಿದು, ಕೆಲವು ಬೋರ್ಡುಗಳು ಅಷ್ಟರಿಂದಲೇ ಎದ್ದುಬರುತ್ತವೆ. ಪ್ರೊಸೆಸರ್ ಪಕ್ಕದ 4 ಪಿನ್ನಿನ ಪವರ್ ಕೇಬಲ್ ಸಡಿಲವಾಗಿದ್ದರೂ ಫ್ಯಾನ್ ತಿರುಗಿ ಡಿಸ್‌ಪ್ಲೇ ಬಾರದಿರಬಹುದು. ಅದನ್ನು ಒತ್ತಿ ನೋಡಿ. ಮಲ್ಟಿಮೀಟರ್ ಬಳಸಬಲ್ಲವರು, ಯಂತ್ರ ಚಾಲನೆಯಲ್ಲಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಬರುತ್ತಿದೆಯೇ ಎಂದು ಅಳೆಯಬಹುದು. ಅಳೆಯಲು ಬಾರದಿದ್ದರೆ ಪರಿಚಯದವರ ಬಳಿ ಇರುವ ಒಂದು ಒಳ್ಳೆಯ ಎಸ್‌ಎಂಪಿಎಸ್ಸನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡುವುದೇ ನಂಬಲರ್ಹ ವಿಧಾನ. ಹೊಸ ಎಸ್‌ಎಂಪಿಎಸ್ ಹಾಕಿಯೂ, ಸೆಲ್ ಬದಲಿಸಿಯೂ, ರ‍್ಯಾಮಿಲ್ಲದ ಸ್ಥಿತಿಯಲ್ಲಿಯೂ ಬೋರ್ಡ್ ಮೌನವಾಗಿಯೇ ಇದ್ದರೆ, ಅಥವಾ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿಯೋ ಸೋರಿಯೋ ಇದ್ದರೆ, ಅಂಗಡಿಯವರ ಮಾತು ನಿಜವಿರಬೇಕು. ಅಷ್ಟು ಹಳೆಯ ಬೋರ್ಡಿಗೆ ಹಣ ಸುರಿಯುವಂತೆ ನಾನು ಸಲಹೆ ಕೊಡಲಾರೆ.

ಡಿಸ್‌ಪ್ಲೇ ಬಂದು, ವಿಂಡೋಸ್ ಮಾತ್ರ ತೆರೆದುಕೊಳ್ಳದಿದ್ದರೆ ಅದು ಬೇರೆಯೇ ಹಂತ. ಬೂಟ್ ಡಿವೈಸ್ (ವಿಂಡೋಸ್ ಇರುವ ಡಿಸ್ಕ್) ಸಿಗುತ್ತಿಲ್ಲವೆಂಬ ಸೂಚನೆ ಕಂಡರೆ ಯುಎಸ್‌ಬಿಯಲ್ಲಿ ಮರೆತ ಪೆನ್‌ಡ್ರೈವನ್ನು ತೆಗೆದು, ಹಾರ್ಡ್ ಡಿಸ್ಕ್‌ನ ಎರಡೂ ಕೇಬಲ್‌ಗಳನ್ನು ಗಟ್ಟಿಯಾಗಿ ಸಿಕ್ಕಿಸಿ, ಬಯೋಸ್‌ನಲ್ಲಿ ಬೂಟ್ ಕ್ರಮವನ್ನು ಸರಿಪಡಿಸಿ. ಸೆಲ್ ಬದಲಿಸಿದ ಮೇಲೆ ವಿಂಡೋಸ್ 7 ನೀಲಿ ಪರದೆ ತೋರಿಸತೊಡಗಿದರೆ, ಬಯೋಸ್‌ನಲ್ಲಿ ಹಾರ್ಡ್ ಡಿಸ್ಕ್ ಸಂಪರ್ಕದ (ಸಾಟಾ) ಸೆಟ್ಟಿಂಗ್ ಐಡಿಇ, ಎಹೆಚ್‌ಸಿಐ ಎಂಬ ಎರಡು ವಿಧಾನಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಿರಬಹುದು. ಮೊದಲಿದ್ದಂತೆ ಮಾಡಿದರೆ ಸರಿಹೋಗುತ್ತದೆ. ಇಷ್ಟಕ್ಕಾಗಿ ವಿಂಡೋಸನ್ನು ಮತ್ತೆ ಹಾಕಿಸುವ ಅಗತ್ಯವಿಲ್ಲ.

ಯಂತ್ರ ಏಳಲಿ, ಏಳದಿರಲಿ, ಬರಹಗಳನ್ನು ಹೊರತೆಗೆಯಲು ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾದ್ದರಿಂದ, ತನ್ನದೇ ಪವರ್ ಪ್ಲಗ್ ಇರುವ ಅಡಾಪ್ಟರನ್ನೇ ಕೇಳಿ ಪಡೆಯಿರಿ. ಡಿಸ್ಕಿನಿಂದ ‘ಟಿಕ್ ಟಿಕ್’ ಎಂಬ ಲೋಹದ ಸದ್ದು ಬಂದರೆ ತಕ್ಷಣ ಆಫ್ ಮಾಡಿ ಡೇಟಾ ರಿಕವರಿ ಬಲ್ಲವರಿಗೆ ಒಪ್ಪಿಸಬೇಕು. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಆನ್ ಮಾಡಿದಷ್ಟೂ ನಷ್ಟ ಹೆಚ್ಚುತ್ತದೆ.

ನುಡಿಯ ಹಳೆಯ ಕಡತಗಳು, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಅದನ್ನು ಕಂಡು ಕಡತ ಕೆಟ್ಟಿತೆಂದು ತಿಳಿದು ಅಳಿಸಿಬಿಡಬೇಡಿ. ಹಾರ್ಡ್ ಡಿಸ್ಕ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನೂ ನಕಲು ಮಾಡಿಕೊಂಡು ಹೊಸ ಯಂತ್ರದಲ್ಲಿ ಹಾಕಿದರೆ ತಂದೆಯವರ ಕನ್ನಡ ಮತ್ತೆ ಕಾಣಿಸುತ್ತದೆ. ಅನಂತರ ಪರಿವರ್ತಕ ತಂತ್ರಾಂಶದ ಮೂಲಕ ಅದನ್ನು ಯೂನಿಕೋಡ್‌ಗೆ ಬದಲಿಸಿ, ಮೂಲ ಕಡತಗಳನ್ನೂ ಹಾಗೆಯೇ ಉಳಿಸಿಕೊಂಡು, ಎರಡು ಬೇರೆ ಬೇರೆ ಕಡೆ ಇಟ್ಟುಕೊಳ್ಳಿ.