‘ಯೊ’ ಬಿದ್ದಿದ್ದು ಕೇಳಿಸಲಿಲ್ವಾ?

ಪ್ರತಿ ಹೊಸ ಬ್ಯಾಚಿನಲ್ಲೂ ಒಬ್ಬರಾದರೂ ಈ ಮಾತು ಹೇಳುತ್ತಾರೆ. “ಮೇಡಂ, ಕೊರಿಯನ್ ಧಾರಾವಾಹಿ, 16 ಎಪಿಸೋಡ್ ನೋಡಿ ಮುಗಿಸಿದೆ. ಎಂಟನೇದರ ತನಕ ಏನೂ ಆಗಲ್ಲ. ಕೈ ಕೂಡ ಹಿಡಿಯಲ್ಲ!” ಒಂದೊಂದು ಎಪಿಸೋಡು ಹೆಚ್ಚು ಕಡಿಮೆ ಒಂದು ಗಂಟೆ. ಅಂದರೆ ಎಂಟು ಗಂಟೆ ಏನೂ ಆಗದ ಪ್ರೇಮಕಥೆಯನ್ನು ನಿದ್ದೆಗೆಟ್ಟು ನೋಡಿ, ಬೆಳಿಗ್ಗೆ ಕೆಂಪು ಕಣ್ಣಲ್ಲಿ ಕ್ಲಾಸಿಗೆ ಬಂದು ನನ್ನ ಹತ್ತಿರ ದೂರುತ್ತಾರೆ.

ಗಾಂಧಿ ಬಜಾರಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ನಾನು ಕೊರಿಯನ್ ಹೇಳಿಕೊಡುತ್ತೇನೆ. ಟೋಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಗೆ ಅಂತ ಬರುವವರು ಕೆಲವರು, ಕಂಪನಿ ಕೆಲಸಕ್ಕೆ ಅಂತ ಕೆಲವರು, ಉಳಿದವರೆಲ್ಲ ಧಾರಾವಾಹಿ ಗಿರಾಕಿಗಳೇ. ಅದಕ್ಕೆ ನನಗೆ ಬೇಜಾರಿಲ್ಲ, ಕೋಣೆ ಬಾಡಿಗೆ ಹುಟ್ಟುವುದೇ ಅವರಿಂದ. ಆದರೆ ‘ಏನೂ ಆಗಲ್ಲ’ ಅಂದಾಗ ಮೈ ಉರಿಯುತ್ತದೆ. ಆಗಿದೆ ಸ್ವಾಮೀ. ನಾಲ್ಕನೇ ಎಪಿಸೋಡಿನಲ್ಲೇ ಆಗಿಹೋಗಿದೆ. ನೀವು ಆಗ ಕೆಳಗಿನ ಇಂಗ್ಲಿಷ್ ಸಾಲು ಓದುತ್ತಿದ್ದಿರಿ.

ನಾಯಕ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಅವಳು ಬಂದಳು. ಮೊದಲ ವಾರ ಅವನು “ವಸ್ಸೊಯೊ?” ಅನ್ನುತ್ತಾನೆ. ಆಮೇಲೊಂದು ದಿನ ಅದೇ ಸ್ಟಾಪು, ಅದೇ ಕೊಡೆ, “ವಸ್ಸೊ?” ಅನ್ನುತ್ತಾನೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಎರಡೂ ಕಡೆ ‘ಯೂ ಆರ್ ಹಿಯರ್’. ಈಗ ಕನ್ನಡದಲ್ಲಿ ಹೇಳಿ ನೋಡಿ. ಮೊದಲನೆಯದು “ಬಂದ್ರಾ?” ಎರಡನೆಯದು “ಬಂದ್ಯಾ?”

ಗೊತ್ತಾಯ್ತಲ್ಲ?

ಗೊತ್ತಾಗಿರುವುದಿಲ್ಲ, ಅನುಭವದ ಮೇಲೆ ಹೇಳುತ್ತಿದ್ದೇನೆ. ಮುಂದಿನ ವಾರ ಮತ್ತೆ ಅದೇ ದೂರು ತರುತ್ತೀರಿ. ಹಾಗಾಗಿ ಇನ್ನೊಂದು ಸಲ. ಕೊರಿಯನ್ನರು ‘ನೀವು’ ಅನ್ನುವ ಪದವನ್ನು ಆದಷ್ಟು ಬಾಯಿಗೇ ತರುವುದಿಲ್ಲ. ಮರ್ಯಾದೆಯೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಬಂದ್ರಾ’ ಅಂದರೆ ಸಾಕು, ನೀವು ಅಂತ ಬೇರೆ ಹೇಳಬೇಕಾ? ಹಾಗೇ. ಆಫೀಸು, ಸೈನ್ಯ, ಟೀವಿ ವಾರ್ತೆಯಲ್ಲಿ ‘ಸುಮ್ನಿದಾ’ ಬಾಲ. (ಮೊದಲ ದಿನ ಇಡೀ ಕ್ಲಾಸು ನಗುತ್ತದೆ, ಯಾರು ಮೇಡಂ ಸುಮ್ನಿದಾನೆ ಅಂತ.) ಪರಿಚಯದವರ ಜೊತೆ ‘ಯೊ’. ಅದೂ ಬಿದ್ದುಹೋದರೆ ‘ಬನ್ಮಲ್’, ಅಂದರೆ ಸಲಿಗೆಯ ಮಾತು. ‘ಮಾತು ಇಳಿಸಲಾ?’ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೇ ಎಷ್ಟೋ ಜನ ಸಲಿಗೆಗೆ ಇಳಿಯುತ್ತಾರೆ. ಆ ಒಂದು ಪ್ರಶ್ನೆ ಕೇಳುವಷ್ಟರಲ್ಲಿ ನಾಯಕನ ಕಿವಿ ಕೆಂಪಾಗಿರುತ್ತದೆ. ನೀವು ಅಷ್ಟು ಹೊತ್ತಿಗೆ ಹತ್ತು ಸೆಕೆಂಡ್ ಮುಂದಕ್ಕೆ ಓಡಿಸಿರುತ್ತೀರಿ.

‘ಒಪ್ಪಾ’, ಅಂದರೆ ಹುಡುಗಿ ಅಣ್ಣನನ್ನು ಕರೆಯುವ ಪದ, ಅದರ ವಿಷಯಕ್ಕೆ ಮಾತ್ರ ಎಲ್ಲರೂ ಹುಷಾರು. ‘ಛೀ, ಲವ್ ಮಾಡೋನನ್ನ ಅಣ್ಣ ಅಂತಾಳೆ’ ಅಂತ ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ನಮ್ಮ ಹಳ್ಳಿಗಳಲ್ಲಿ ಕಟ್ಟಿಕೊಂಡವನನ್ನೇ ಮಾವ ಅಂತ ಕರೆಯುವವರಿಲ್ವಾ? 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಂದೇ ಸಲಕ್ಕೆ ಕೊರಿಯನ್ ಮೂಲದ 26 ಪದ ಸೇರಿಸಿಕೊಂಡಿತು. ಒಪ್ಪಾ ಅದರಲ್ಲೊಂದು. ಪದವಾದರೆ ಹಾಗೆ ಎತ್ತಿಕೊಂಡು ಹೋಗಬಹುದು. ಈ ‘ಯೊ’ವನ್ನು ಎತ್ತಿಕೊಂಡು ಹೋಗಿ ಇಡಲು ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ಸಬ್‌ಟೈಟಲ್ ಬರೆಯುವವರನ್ನು ಬೈಯಬೇಡಿ, ಪಾಪ, ಒಂದೂವರೆ ಸಾಲಿನಲ್ಲಿ ಅವರಾದರೂ ಏನು ಮಾಡಿಯಾರು?

ಒಂದು ಎಚ್ಚರಿಕೆ. ‘ಯೊ’ ಬಿದ್ದಾಗಲೆಲ್ಲ ಪ್ರೀತಿ ಅಂತ ತಿಳಿಯಬೇಡಿ. ರಾಜರ ಕಾಲದ ಕಥೆಗಳಲ್ಲಿ ಲೆಕ್ಕವೇ ಬೇರೆ. ದೊಡ್ಡವರು ಚಿಕ್ಕವರ ಜೊತೆ ಮೊದಲ ದಿನದಿಂದಲೇ ಸಲಿಗೆಯಲ್ಲಿ ಮಾತಾಡಬಹುದು. ಇನ್ನು ಜಗಳ. ಸೋಲ್ ನಗರದ ಬೀದಿಯಲ್ಲಿ ಅಪರಿಚಿತರು ಕಿತ್ತಾಡುವಾಗ ಒಬ್ಬ “ಬನ್ಮಲ್ ಯಾಕೆ?” ಅಂತ ಎಗರುತ್ತಾನೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕನ್ನಡಿಗೆ ಕನ್ನಡಿ ತಾಗಿದಾಗ “ಯಾರಿಗೋ ನೀನು ಅಂತಿದ್ದೀಯಾ?” ಅಂತೀವಲ್ಲ, ಅದೇ ಅದು.

ಇದನ್ನು ಪಟ್ಟಂತ ಹಿಡಿದವರು ನನ್ನ ಕ್ಲಾಸಿನಲ್ಲಿ ಒಬ್ಬರೇ. ಬ್ಯಾಂಕಿನಿಂದ ನಿವೃತ್ತರಾದ ಆಂಟಿ, ಸೊಸೆಯ ಜೊತೆ ಕೂತು ಧಾರಾವಾಹಿ ನೋಡುತ್ತಾರೆ. ಹೋಂವರ್ಕ್ ಮಾಡುವುದಿಲ್ಲ, ಅಕ್ಷರ ಇನ್ನೂ ಉಲ್ಟಾ ಬರೆಯುತ್ತಾರೆ. ಆದರೆ ಒಂದು ದಿನ ನಾನು ಯಾವುದೋ ದೃಶ್ಯ ಹಾಕಿದ್ದೆ. ಹುಡುಗ ಹುಡುಗಿ ಸೂಪಿನ ಅಂಗಡಿಯಲ್ಲಿ ಕೂತಿದ್ದಾರೆ, ಅಷ್ಟೇ. ಇಪ್ಪತ್ತರ ಹುಡುಗಿಯರೆಲ್ಲ ಸುಮ್ನೆ ನೋಡುತ್ತಿದ್ದರು. ಆಂಟಿ ಮಾತ್ರ ಬೆಂಚಿನಿಂದ ಎದ್ದೇಬಿಟ್ಟರು. “ಅಯ್ಯೋ, ಏಕವಚನಕ್ಕೆ ಬಂದ್ಬಿಟ್ಟ ಕಣ್ರೇ!”

ಅವರು ಮದುವೆಯಾದಂದಿನಿಂದ ಯಜಮಾನರನ್ನು ಕರೆಯುವುದು ‘ರೀ’ ಅಂತಲೇ. ಆ ವಾರ ಧೈರ್ಯ ಮಾಡಿ, ವಾಕಿಂಗಿನಿಂದ ಬಂದವರನ್ನು “ಬಂದ್ಯಾ?” ಅಂತ ಕೇಳಿದರಂತೆ. ಅಂಕಲ್ ಚಪ್ಪಲಿ ಬಿಡುತ್ತಿದ್ದವರು ಅಲ್ಲೇ ನಿಂತರಂತೆ.

“ಯಾಕೆ, ನಾನೇನು ತಪ್ಪು ಮಾಡ್ದೆ?”