ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುವ ವಿಮಾನದಲ್ಲಿ ಕಾಲಿನ ಪೆಡಲ್‌ಗೆ ಏನು ಕೆಲಸ?

ಓದುಗರ ಪ್ರಶ್ನೆ: ಏರ್‌ಬಸ್ ಎ320ರಂಥ ಫ್ಲೈ-ಬೈ-ವೈರ್ (ಪೈಲಟ್ ಆಜ್ಞೆ ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್ ಮೂಲಕ ಹೋಗುವ) ವಿಮಾನದಲ್ಲಿ ಪೈಲಟ್ ಸಣ್ಣ ಸೈಡ್‌ಸ್ಟಿಕ್ ಆಡಿಸಿದರೆ ಸಾಕು, ಉಳಿದದ್ದು ಕಂಪ್ಯೂಟರ್ ಪಾಲು ಎನ್ನುತ್ತಾರೆ. ಹಾಗಿದ್ದ ಮೇಲೆ ಕಾಲ ಬಳಿ ರಡ್ಡರ್ ಪೆಡಲ್ ಯಾಕೆ ಉಳಿಸಿದ್ದಾರೆ? ವಿಮಾನ ತಿರುಗುವುದೇ ರಡ್ಡರ್‌ನಿಂದ ಅಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಬಗೆಹರಿಸೋಣ. ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯ ಹಿಂಭಾಗದಲ್ಲಿ ಬಾಗಿಲಿನಂತೆ ಎಡಕ್ಕೂ ಬಲಕ್ಕೂ ಆಡುವ ಫಲಕವೇ ರಡ್ಡರ್. ನೋಡಲು ದೋಣಿಯ ಚುಕ್ಕಾಣಿಯಂತೆಯೇ ಇದ್ದರೂ ಕೆಲಸ ಬೇರೆ. ವಿಮಾನ ತಿರುಗುವುದು ವಾಲುವುದರಿಂದ. ರೆಕ್ಕೆಗಳ ಹಿಂಬದಿಯ ಫಲಕಗಳಾದ ಐಲೆರಾನ್‌ಗಳು ಎಡ ರೆಕ್ಕೆಯನ್ನು ತಗ್ಗಿಸಿದಾಗ ಎತ್ತುಬಲವೂ ಎಡಕ್ಕೆ ಓರೆಯಾಗಿ ವಿಮಾನವನ್ನು ಆ ಕಡೆ ಎಳೆಯುತ್ತದೆ. ಮೂತಿಯನ್ನು ಎದುರುಗಾಳಿಗೆ ನೇರವಾಗಿ ಹಿಡಿದಿಡುವುದಷ್ಟೇ ರಡ್ಡರ್ ಪಾಲಿನ ಕೆಲಸ. ಮೂತಿ ಹೀಗೆ ಎಡಕ್ಕೋ ಬಲಕ್ಕೋ ಸರಿಯುವ ಚಲನೆಯನ್ನೇ ಯಾ ಎನ್ನುವುದು.

ಮೂತಿ ಯಾಕೆ ಸರಿಯುತ್ತದೆ? ಎಡಕ್ಕೆ ವಾಲುವಾಗ ಮೇಲೇಳುವ ಬಲ ರೆಕ್ಕೆಗೆ ಗಾಳಿಯ ಎಳೆತ ಹೆಚ್ಚು, ಹಾಗಾಗಿ ಮೂತಿ ತಿರುವಿನ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಇನ್ನೊಂದು ಕಾರಣ ಡಚ್ ರೋಲ್. ಹಿಂದಕ್ಕೆ ಬಾಗಿದ ರೆಕ್ಕೆಯ ಜೆಟ್ ವಿಮಾನ ಗಾಳಿಯ ಒಂದು ತಟ್ಟಿಗೆ ಸಿಕ್ಕರೆ ಮೂತಿ ಆ ಕಡೆ ಈ ಕಡೆ ಆಡುತ್ತ, ಅದರ ಬೆನ್ನಿಗೇ ರೆಕ್ಕೆಗಳೂ ತೂಗತೊಡಗುತ್ತವೆ. ಎ320ರಲ್ಲಿ ಇವೆರಡನ್ನೂ ಎಫ್‌ಎಸಿ ಎಂಬ ಎರಡು ಕಂಪ್ಯೂಟರ್‌ಗಳು ಯಾ ಡ್ಯಾಂಪರ್ ಎಂಬ, ಮೂತಿಯ ಓಲಾಟ ತಗ್ಗಿಸುವ ವ್ಯವಸ್ಥೆಯ ಮೂಲಕ ಸದ್ದಿಲ್ಲದೆ ತಿದ್ದುತ್ತಿರುತ್ತವೆ. ಆಗ ರಡ್ಡರ್ ಅಲುಗುತ್ತದೆ, ಪೆಡಲ್ ಅಲುಗುವುದಿಲ್ಲ. ಹಾಗಾಗಿ ಮಾಮೂಲಿ ಹಾರಾಟದಲ್ಲಿ ಪೈಲಟ್ ಪೆಡಲ್ ಒತ್ತಬೇಕಾಗಿಲ್ಲ. ನಿಮ್ಮ ಮಾತು ಇಷ್ಟರ ಮಟ್ಟಿಗೆ ಸರಿ.

ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 1987ರಲ್ಲಿ ಮೊದಲು ಹಾರಿದ ಎ320ರಲ್ಲಿ ಐಲೆರಾನ್‌ಗಳು, ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್‌ಗಳು ತಂತಿಯ ಸಂಕೇತಕ್ಕೆ ಓಗೊಡುತ್ತವೆ, ರಡ್ಡರ್ ಮಾತ್ರ ಪೆಡಲ್‌ನಿಂದ ಉಕ್ಕಿನ ಕೇಬಲ್ ಮೂಲಕ ಆಜ್ಞೆ ಪಡೆಯುತ್ತದೆ. ಹಾಗೆಂದು ಕಾಲಿನ ಬಲದಿಂದ ರಡ್ಡರ್ ತಿರುಗುತ್ತದೆ ಎಂದುಕೊಳ್ಳಬೇಡಿ. ಕೇಬಲ್ ತೆರೆಯುವುದು ದ್ರವದ ಒತ್ತಡದಿಂದ ತಳ್ಳುವ ಹೈಡ್ರಾಲಿಕ್ ಜ್ಯಾಕ್‌ಗಳ ಕವಾಟವನ್ನು. ಹಸಿರು, ನೀಲಿ, ಹಳದಿ ಎಂಬ ಮೂರು ಪ್ರತ್ಯೇಕ ಹೈಡ್ರಾಲಿಕ್ ವ್ಯವಸ್ಥೆಗಳ ಮೂರು ಜ್ಯಾಕ್‌ಗಳು ಚದರ ಇಂಚಿಗೆ 3000 ಪೌಂಡ್ ಒತ್ತಡದಲ್ಲಿ ರಡ್ಡರ್ ತಳ್ಳುತ್ತವೆ. ಎರಡೂ ಎಂಜಿನ್ ನಿಂತರೂ ಹೊಟ್ಟೆಯ ಕೆಳಗಿನಿಂದ ಇಳಿಯುವ ಗಾಳಿ ಟರ್ಬೈನ್ ನೀಲಿ ವ್ಯವಸ್ಥೆಗೆ ಒತ್ತಡ ಕೊಡುತ್ತದೆ, ಒಂದು ಜ್ಯಾಕ್ ಉಳಿಯುತ್ತದೆ. ಯಾ ಡ್ಯಾಂಪರ್ ಪರವಾಗಿ ರಡ್ಡರ್ ಆಡಿಸುವ ಎರಡು ಸರ್ವೋಗಳು ಹಸಿರು ಮತ್ತು ಹಳದಿಯಲ್ಲಿರುವುದರಿಂದ ಆಗ ಡ್ಯಾಂಪರ್ ಇರುವುದಿಲ್ಲ. ಕಂಪ್ಯೂಟರ್‌ಗಳೆಲ್ಲ ಕೈಕೊಟ್ಟಾಗ ಅವು ಮತ್ತೆ ಚೇತರಿಸಿಕೊಳ್ಳುವವರೆಗೆ ವಿಮಾನವನ್ನು ಹಿಡಿದಿಡಲು ಈ ಪೆಡಲ್ ಮತ್ತು ಮೂತಿಯನ್ನು ಏರಿಸಿ ಇಳಿಸುವ ಟ್ರಿಮ್ ಚಕ್ರವೇ ಗತಿ.

ಈ ವ್ಯವಸ್ಥೆಯಲ್ಲಿ ನಮಗೆ ಅತಿ ಮುಖ್ಯವೆನಿಸುವ ಭಾಗ ರಡ್ಡರ್ ತಿರುಗಿಸುವುದಲ್ಲ, ತಡೆಯುವುದು. ವೇಗ ಎರಡು ಪಟ್ಟಾದರೆ ರಡ್ಡರ್ ಮೇಲಿನ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ರನ್‌ವೇ ಬಳಿ ಬೇಕಾದಷ್ಟೇ ಕೋನ ಎತ್ತರದ ವೇಗದಲ್ಲಿ ಬಾಲವನ್ನೇ ಮುರಿಯಬಲ್ಲದು. ಅದಕ್ಕೇ ಟ್ರಾವೆಲ್ ಲಿಮಿಟರ್ ಎಂಬ ತಡೆ. 160 ನಾಟ್‌ವರೆಗೆ, ಅಂದರೆ ಗಂಟೆಗೆ 296 ಕಿ.ಮೀ.ವರೆಗೆ, ರಡ್ಡರ್ 25 ಡಿಗ್ರಿ ಹೊರಳಬಹುದು. ವೇಗ ಏರಿದಂತೆ ತಡೆ ಒಳಕ್ಕೆ ಸರಿಯುತ್ತ ಗರಿಷ್ಠ ವೇಗದ ಹತ್ತಿರ ಸುಮಾರು 3.5 ಡಿಗ್ರಿ ಉಳಿಯುತ್ತದೆ. ಎರಡೂ ಎಫ್‌ಎಸಿಗಳ ಈ ಕೆಲಸ ಕೆಟ್ಟರೆ ತಡೆ ಇದ್ದಲ್ಲೇ ನಿಲ್ಲುತ್ತದೆ, ಇಳಿಯುವಾಗ ರೆಕ್ಕೆಯ ಮುಂಬದಿಯ ಸ್ಲ್ಯಾಟ್ ಫಲಕಗಳನ್ನು ಬಿಚ್ಚಿದೊಡನೆ ಪೂರ್ತಿ ತೆರೆದುಕೊಳ್ಳುತ್ತದೆ.

ಲಿಮಿಟರ್ ಕೆಡುವುದು ತಾನಾಗಿ ದೊಡ್ಡ ಅಪಾಯವಲ್ಲ. ದೋಷಗಳನ್ನು ತೋರಿಸುವ ಈಕ್ಯಾಮ್ ಪರದೆಯೇ ಕ್ರಮ ಹೇಳುತ್ತದೆ: 160 ನಾಟ್ ಮೀರಿದ ವೇಗದಲ್ಲಿ ರಡ್ಡರ್ ಜೋಪಾನ, ಮೊದಲು ಎಫ್‌ಎಸಿ 1 ಆಫ್ ಮಾಡಿ ಆನ್, ಆಮೇಲೆ ಎಫ್‌ಎಸಿ 2. ಎರಡನ್ನೂ ಒಟ್ಟಿಗೆ ಅಲ್ಲ. 2014ರ ಡಿಸೆಂಬರ್ 28ರಂದು ಸುರಬಯಾದಿಂದ ಸಿಂಗಪುರಕ್ಕೆ ಹೊರಟ ಇಂಡೋನೇಷ್ಯಾ ಏರ್‌ಏಷ್ಯಾದ ಎ320, ಕ್ಯೂಝಡ್ 8501, ತಪ್ಪಿದ್ದು ಇಲ್ಲೇ. ಲಿಮಿಟರ್‌ನ ಎಲೆಕ್ಟ್ರಾನಿಕ್ ಹಲಗೆಯ ಬೆಸುಗೆಯಲ್ಲಿ ಬಿರುಕಿತ್ತು. ಎಚ್ಚರಿಕೆ ಮೂರು ಬಾರಿ ಬಂತು, ಮೂರು ಸಲವೂ ಪೈಲಟ್‌ಗಳು ಕ್ರಮದಂತೆ ನಿವಾರಿಸಿದರು. ನಾಲ್ಕನೆಯ ಸಲದ ದಾಖಲೆ, ಎಫ್‌ಎಸಿಗಳ ವಿದ್ಯುತ್ ಕಡಿಯುವ ಸರ್ಕ್ಯೂಟ್ ಬ್ರೇಕರ್ ಎಳೆದಾಗಿನಂತಿತ್ತು. ಎರಡೂ ಎಫ್‌ಎಸಿಗಳು ಸತ್ತವು, ಆಟೊಪೈಲಟ್ ಬಿಟ್ಟುಹೋಯಿತು. ಬ್ರೇಕರ್ ಮತ್ತೆ ಒತ್ತಿದರೂ ತಲೆಯ ಮೇಲಿನ ಎಫ್‌ಎಸಿ ಗುಂಡಿ ಒತ್ತದೆ ಅವು ಕೆಲಸಕ್ಕೆ ಮರಳುವುದಿಲ್ಲ. ರಡ್ಡರ್ 2 ಡಿಗ್ರಿ ಎಡಕ್ಕೆ ಉಳಿಯಿತು. ಬರೀ 2 ಡಿಗ್ರಿ. ಮೂತಿ ಎಡಕ್ಕೆ ಸರಿದಾಗ ಬಲ ರೆಕ್ಕೆಗೆ ಗಾಳಿ ಹೆಚ್ಚು ನೇರವಾಗಿ ತಾಗಿ ಅದರ ಎತ್ತುಬಲ ಏರುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ. ಸೆಕೆಂಡಿಗೆ 6 ಡಿಗ್ರಿಯಂತೆ ಒಂಬತ್ತು ಸೆಕೆಂಡಿನಲ್ಲಿ ಅದು 54 ಡಿಗ್ರಿ ವಾಲಿತ್ತು. ಆಮೇಲೆ ಸ್ಟಿಕ್ ಹಿಂದಕ್ಕೆ ಎಳೆದದ್ದರಿಂದ ವಿಮಾನ ಮೇಲೇರಿ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ಎತ್ತುಬಲ ಕಳೆದುಕೊಂಡವು. 162 ಜನ ತೀರಿಕೊಂಡರು. ಪುಸ್ತಕ ಹೇಳದ ಹೊರತು ಹಾರಾಟದಲ್ಲಿ ಬ್ರೇಕರ್ ಮುಟ್ಟಬಾರದು ಎನ್ನುವುದು ಬರೀ ಶಿಸ್ತಿನ ಮಾತಲ್ಲ.

ಲಿಮಿಟರ್ ಎಲ್ಲದರಿಂದಲೂ ಕಾಯುತ್ತದೆ ಎಂಬ ನಂಬಿಕೆಯೂ ತಪ್ಪು. ಒಂದು ಕಡೆಗೆ ಒಮ್ಮೆ ಪೂರ್ತಿ ಒತ್ತಿದರೆ ಬಾಲ ತಡೆದುಕೊಳ್ಳುತ್ತದೆ. ಎಡ, ಬಲ, ಎಡ ಎಂದು ತುಳಿದರೆ ವಿಮಾನ ಒಂದು ಕಡೆ ಜಾರುತ್ತಿರುವಾಗಲೇ ರಡ್ಡರ್ ಎದುರಿಗೆ ಬಂದು ಎರಡು ಬಲಗಳೂ ಕೂಡಿಕೊಳ್ಳುತ್ತವೆ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಎ300-600 ಹೀಗೇ ಬಾಲ ಕಳಚಿಕೊಂಡು ಬಿತ್ತು. ಕೆಳಗಿದ್ದ 5 ಜನರೂ ಸೇರಿ 265 ಸಾವು. ಅದರಲ್ಲೂ ಲಿಮಿಟರ್ ಇತ್ತು.

ಹಾಗಾದರೆ ಪೈಲಟ್ ಕಾಲು ಯಾವಾಗ ಬೇಕು? ಟೇಕಾಫ್ ಓಟದಲ್ಲಿ ರನ್‌ವೇ ನಡುಗೆರೆ ಬಿಡದಿರಲು. ಅಡ್ಡಗಾಳಿಯಲ್ಲಿ ಓರೆಯಾಗಿ ಬಂದ ವಿಮಾನದ ಮೂತಿಯನ್ನು ಚಕ್ರ ತಾಗುವ ಮುಂಚೆ ನೇರ ಮಾಡಲು. ಎಲ್ಲಕ್ಕಿಂತ ಮುಖ್ಯವಾಗಿ, ಟೇಕಾಫ್‌ನಲ್ಲಿ ಒಂದು ಎಂಜಿನ್ ಸತ್ತಾಗ. ಆಗ ಪರದೆಯ ಮೇಲಿನ ಹಳದಿ ಜಾರು ಸೂಚಕ ನೀಲಿಯಾಗುತ್ತದೆ. ಬದುಕಿರುವ ಎಂಜಿನ್ ಕಡೆಯ ಪೆಡಲ್ ಒತ್ತಿ ಆ ನೀಲಿ ಗುರುತನ್ನು ನಡುವಿಗೆ ತರಬೇಕು, ಆಮೇಲೆ ರಡ್ಡರನ್ನು ಅದೇ ಕೋನದಲ್ಲಿ ಹಿಡಿದಿಡುವ ರಡ್ಡರ್ ಟ್ರಿಮ್ ಗುಂಡಿ ತಿರುಗಿಸಿ ಕಾಲಿಗೆ ಬಿಡುವು ಕೊಡಬೇಕು. ಟ್ರಿಮ್ ಸೆಕೆಂಡಿಗೆ 1 ಡಿಗ್ರಿಯಂತೆ ಸರಿಯುತ್ತದೆ, ಆತುರ ಪಡಬಾರದು. ಬೋಯಿಂಗ್ 777ರಲ್ಲಿ ಪೆಡಲ್‌ನಿಂದ ರಡ್ಡರ್‌ಗೆ ಕೇಬಲ್ಲೇ ಇಲ್ಲ. ಎರಡು ಎಂಜಿನ್‌ಗಳ ಬಲ ಶೇ 10ರಷ್ಟು ಬೇರೆಯಾದರೆ ಅಲ್ಲಿನ ಕಂಪ್ಯೂಟರ್ ತಾನಾಗಿಯೇ ರಡ್ಡರ್ ಸೇರಿಸುತ್ತದೆ. ಎ380, ಎ350ಗಳಲ್ಲೂ ಕೇಬಲ್ ಹೋಗಿದೆ, ಎ320 ಕುಟುಂಬದಲ್ಲಿ ಎ321 ಎಕ್ಸ್‌ಎಲ್‌ಆರ್‌ನಿಂದ ಅದೇ ದಾರಿ.

ಮುಂದಿನ ಸಲ ನಿಲ್ದಾಣದ ಗಾಜಿನ ಬಳಿ ನಿಂತಾಗ ಹೊರಡಲು ಸಿದ್ಧವಾದ ಎ320ರ ಬಾಲ ನೋಡಿ. ಎಂಜಿನ್ ಶುರುವಾದ ಮೇಲೆ ರಡ್ಡರ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಹೋಗಿ ನಡುವಿಗೆ ಬರುತ್ತದೆ. ಒಳಗೆ ಕ್ಯಾಪ್ಟನ್, ಮೂತಿಚಕ್ರ ತಿರುಗದಂತೆ ಸ್ಟೀರಿಂಗ್ ಹಿಡಿಯ ಮೇಲಿನ ಗುಂಡಿ ಒತ್ತಿ ಹಿಡಿದು, ಪೆಡಲ್ ತುಳಿಯುತ್ತಿರುತ್ತಾರೆ. ಪಕ್ಕದವರು ಪರದೆಯಲ್ಲಿ ರಡ್ಡರ್ ಗುರುತು ಅಷ್ಟೇ ದೂರ ಸರಿಯಿತೇ ಎಂದು ನೋಡುತ್ತಿರುತ್ತಾರೆ.