ಮೋಟಾರಿನಲ್ಲಿ ತಿರುಗಿದ ಭೂಮಿ

ಹಳೇ ದೂರದರ್ಶನದ ಲಾಂಛನ ಗಿರಗಿರ ತಿರುಗಿ ಕಣ್ಣಿನ ಆಕಾರಕ್ಕೆ ಬಂದು ನಿಲ್ಲುವುದನ್ನು ಮೊನ್ನೆ ಅಕ್ಕನ ಮಗಳಿಗೆ ತೋರಿಸಿದೆ. "ಆ ಕಾಲಕ್ಕೆ ಗ್ರಾಫಿಕ್ಸ್ ಪರವಾಗಿಲ್ಲ ಮಾಮ" ಅಂದಳು. ಎಲ್ಲಿಯ ಗ್ರಾಫಿಕ್ಸು! ಅಹ್ಮದಾಬಾದಿನ ವಿನ್ಯಾಸ ಕಾಲೇಜು ಎನ್‌ಐಡಿಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯ ಬರೆದ ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ ಚಿತ್ರೀಕರಿಸಿದ್ದು ಅದು. ಪರದೆ ಮೇಲೆ ಏನು ತಿರುಗಿದರೂ ಕಂಪ್ಯೂಟರಿಗೇ ಹೆಸರು ಹೋಗುತ್ತದೆ. ನನಗೆ ಅದೇ ಕಿರಿಕಿರಿ.

ಅವಳಿಗೆ ಬ್ರಿಟನ್ನಿನ ಟಿವಿ ಚಾನೆಲ್ ಬಿಬಿಸಿ-1ರ ಭೂಗೋಳದ ಕಥೆ ಹೇಳಿದೆ. ಅಲ್ಲಿ ಜಾಹೀರಾತಿಲ್ಲ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ತನಕ ಭೂಮಿ ತಿರುಗುತ್ತಿತ್ತು, ಹಿನ್ನೆಲೆಯಲ್ಲಿ ಉದ್ಘೋಷಕರ ದನಿ. ಅವರ ಮಾತು ಹತ್ತು ಸೆಕೆಂಡಿಗೆ ಮುಗಿಯಬಹುದು, ನಲವತ್ತಕ್ಕೂ ಎಳೆಯಬಹುದು. ಟೇಪ್ ಹಾಕಿದರೆ ನಡುವೆಯೇ ಖಾಲಿಯಾದೀತು. ಅದಕ್ಕೇ ನಿಜವಾದ ಗೋಳವನ್ನು ಮೋಟಾರಿಗೆ ಸಿಕ್ಕಿಸಿ, ಎದುರಿಗೊಂದು ಕ್ಯಾಮೆರಾ ಇಟ್ಟುಬಿಟ್ಟಿದ್ದರು. ಗಾಣದ ಎತ್ತಿನ ಹಾಗೆ, ಎಷ್ಟು ಹೊತ್ತು ಬೇಕಾದರೂ ಸುತ್ತಲಿ.

1969ರ ನವೆಂಬರ್ 15ರಂದು ಬಿಬಿಸಿ-1ಕ್ಕೆ ಬಣ್ಣ ಬಂತು. ಗೋಳದ ಹಿಂದೆ ಬಾಗಿದ ಕನ್ನಡಿಯೂ ಬಂತು. ಭೂಮಿಯ ಬೆನ್ನು ಕನ್ನಡಿಯಲ್ಲಿ ಅಡ್ಡಡ್ಡ ಹಿಗ್ಗಿ ಕಾಣುತ್ತಿತ್ತು. ಮಜಾ ಇರುವುದು ಇಲ್ಲೇ: ಬಣ್ಣದ ಚಾನೆಲ್ಲಿನ ಈ ಗೋಳಕ್ಕೆ ಬಣ್ಣವೇ ಇರಲಿಲ್ಲ! ಕ್ಯಾಮೆರಾವೂ ಕಪ್ಪು-ಬಿಳುಪಿನದೇ.

ಹಾಗಾದರೆ ಪರದೆ ಮೇಲೆ ಕಂಡ ನೀಲಿ ಎಲ್ಲಿಂದ ಬಂತು? ಕಪ್ಪು-ಬಿಳುಪು ಕ್ಯಾಮೆರಾಗೆ ಗೊತ್ತಾಗುವುದು ಬೆಳಕು ಎಷ್ಟಿದೆ ಅನ್ನುವುದಷ್ಟೆ. ಬೆಳಕು ಜಾಸ್ತಿಯಿದ್ದರೆ ಸಂಕೇತ ಜೋರು, ಕಡಿಮೆಯಿದ್ದರೆ ಮೆತ್ತಗೆ. ಬಸ್ ಕಂಡಕ್ಟರ್ ಹುಡುಗನನ್ನು ಗೆರೆಯ ಪಕ್ಕ ನಿಲ್ಲಿಸುತ್ತಾರಲ್ವಾ? ಗೆರೆ ದಾಟಿದರೆ ಫುಲ್ ಟಿಕೆಟ್, ಇಲ್ಲದಿದ್ದರೆ ಹಾಫ್. ಹುಡುಗನ ಹೆಸರು, ಊರು ಅವರಿಗೆ ಬೇಡ. ಇಲ್ಲಿಯೂ ಹಾಗೆಯೇ. ಸಂಕೇತ ಜೋರಿದ್ದ ಕಡೆ, ಅಂದರೆ ಖಂಡಗಳಿಗೆ, ಸರ್ಕ್ಯೂಟ್ ಒಂದು ಬಣ್ಣ ಕೊಡುತ್ತದೆ. ಮೆತ್ತಗಿದ್ದ ಕಡೆ ಇನ್ನೊಂದು. ಮಕ್ಕಳ ಪುಸ್ತಕದಲ್ಲಿ 1 ಇದ್ದಲ್ಲಿ ಹಳದಿ, 2 ಇದ್ದಲ್ಲಿ ನೀಲಿ ತುಂಬಿದ ಹಾಗೆ. ಅಥವಾ ಇಡ್ಲಿ ತಟ್ಟೆ ಅಂದುಕೊಳ್ಳಿ: ಗುಳಿ ಅವೇ, ಹಿಟ್ಟು ಮಾತ್ರ ಬೇರೆ.

ಹಾಗಾಗಿ ಬಣ್ಣ ಬದಲಿಸಲು ಕುಂಚ ಹಿಡಿಯಬೇಕಿರಲಿಲ್ಲ. ಮೊದಲು ಕಪ್ಪಿನ ಮೇಲೆ ನೀಲಿ ಖಂಡಗಳಿದ್ದವು. 1974ರ ಕೊನೆಗೆ ನೀಲಿಯ ಮೇಲೆ ಹಳದಿ ಬಂತು. 1981ರಲ್ಲಿ ಖಂಡಗಳು ಎಳೆ ಹಸಿರಾದವು. ಕಪ್ಪು-ಬಿಳುಪು ಟಿವಿಯವರಿಗೆ ಇದೆಲ್ಲ ಬರೀ ಬೂದು ಅನ್ನುವುದು ಬೇರೆ ಮಾತು.

1985ರ ಫೆಬ್ರವರಿ 18ಕ್ಕೆ ಮೋಟಾರ್ ನಿಂತಿತು. ಗಾಜಿನಂಥ ನೀಲಿ ಗೋಳ ಬಂತು, ಅದರ ಮೇಲೆ ಚಿನ್ನದ ಬಣ್ಣದ ಖಂಡಗಳು. 'ಕಂಪ್ಯೂಟರ್ ಒರಿಜಿನೇಟೆಡ್ ವರ್ಲ್ಡ್' ಅಂತ ಅದರ ಹೆಸರು. ಮೊದಲಕ್ಷರ ಕೂಡಿಸಿದರೆ 'ಕೌ', ಅಂದರೆ ಹಸು!

"ಇದಾದ್ರೂ ಗ್ರಾಫಿಕ್ಸ್ ಅಲ್ವಾ ಮಾಮ?" ಅಂದಳು.

ಇದು ಮಾತ್ರ ಹೌದು ಅಂತ ಒಪ್ಪಿಕೊಂಡೆ.